ಬಿಸಿಲಿಗೆ ಬೆಲೆ ಬಂದ ಕಥೆ

ಕೊಕೊ ಶನೆಲ್ ಹೆಸರನ್ನು ನೀವೂ ಕೇಳಿರುತ್ತೀರಿ. ದೊಡ್ಡ ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಆ ಹೆಸರಿನ ಸೆಂಟ್ ಬಾಟಲಿಗಳು ಗಾಜಿನ ಕಪಾಟಿನೊಳಗೆ ಕೂತಿರುತ್ತವೆ. ಬೆಲೆ ನೋಡಿದರೆ ನಮ್ಮಂಥವರಿಗೆ ಮೆಸ್ ಬಿಲ್ ನೆನಪಾಗುತ್ತದೆ. ನಾನು ಆಕೆಯ ಜೀವನದ ಬಗ್ಗೆ ಓದಲು ಶುರು ಮಾಡಿದ್ದು ಮಾತ್ರ ಬೇರೆ ಕಾರಣಕ್ಕೆ. ಬಿಸಿಲಿಗೆ ಮೈ ಕಪ್ಪಾಗುವುದೇ ಚೆಂದ ಎಂದು ಯುರೋಪಿನ ಶ್ರೀಮಂತ ಹೆಂಗಸರು ನಂಬುವಂತೆ ಮಾಡಿದವಳು ಈಕೆ ಎಂದು ಎಲ್ಲೋ ಓದಿದ್ದೆ. ನಾವು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಸರ್ವೆ ಪ್ರಾಕ್ಟಿಕಲ್ ಎಂದರೆ ನಮಗೆ ಮಟಮಟ ಮಧ್ಯಾಹ್ನ ಮೈದಾನದಲ್ಲಿ ನಿಲ್ಲುವ ಕೆಲಸ. ಕಪ್ಪಾಗುತ್ತೇವೆ ಎಂಬ ಚಿಂತೆ ನಮ್ಮ ಬ್ಯಾಚಿನಲ್ಲಿ ಹುಡುಗಿಯರಿಗೂ ಇದೆ, ಹುಡುಗರಿಗೂ ಇದೆ. ಹೀಗಿರುವಾಗ ದುಡ್ಡು ಕೊಟ್ಟು ಬಿಸಿಲಿಗೆ ಮೈಯೊಡ್ಡುವವರು ಹೇಗೆ ಹುಟ್ಟಿಕೊಂಡರು ಎಂಬ ಕುತೂಹಲ ನನ್ನನ್ನು ಆಕೆಯ ಕಥೆಗೆ ಎಳೆದೊಯ್ದಿತು.

ಗೇಬ್ರಿಯಲ್ ಶನೆಲ್ ಹುಟ್ಟಿದ್ದು 1883ರ ಆಗಸ್ಟ್ 19ರಂದು, ಫ್ರಾನ್ಸಿನ ಸೋಮ್ಯೂರ್ ಎಂಬ ಊರಿನಲ್ಲಿ, ಬಡವರಿಗಾಗಿ ಇದ್ದ ಧರ್ಮಾಸ್ಪತ್ರೆಯಲ್ಲಿ. ತಾಯಿ ಬಟ್ಟೆ ಒಗೆದು ಸಂಸಾರ ತೂಗಿಸುತ್ತಿದ್ದವಳು. ತಂದೆ ಸಂತೆಯಿಂದ ಸಂತೆಗೆ ತಿರುಗುತ್ತ ಬಟ್ಟೆಬರೆ ಮಾರುತ್ತಿದ್ದವನು. 1895ರಲ್ಲಿ ತಾಯಿ ತೀರಿಕೊಂಡಾಗ ಹುಡುಗಿಗೆ 11 ವರ್ಷ. ತಂದೆ ಹೆಣ್ಣುಮಕ್ಕಳನ್ನು ಒಬಾಜೀನ್ ಎಂಬಲ್ಲಿನ ಕ್ರೈಸ್ತ ಸನ್ಯಾಸಿನಿಯರ ಅನಾಥಾಲಯಕ್ಕೆ ಸೇರಿಸಿ ತನ್ನ ದಾರಿ ಹಿಡಿದ. ಅಲ್ಲಿ ಆಕೆ ಕಲಿತದ್ದು ಹೊಲಿಗೆ. ಮುಂದೆ ಜಗತ್ತು ಕೊಂಡಾಡಿದ ಕೈಗೆ ಸೂಜಿ ಸಿಕ್ಕಿದ್ದು ಹಾಗೆ.

ಹದಿನೆಂಟು ತುಂಬಿದ ಮೇಲೆ ಮುಲಾಂ ಪಟ್ಟಣಕ್ಕೆ ಬಂದಳು. ಹಗಲು ಹೊಲಿಗೆ, ಸಂಜೆ ಸೈನಿಕರು ಬರುತ್ತಿದ್ದ ಕಡೆ ಹಾಡುಗಾರಿಕೆ. ಕೊಕೊ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಅಲ್ಲಿಯೇ. ಹಾಡು ಕೈಹಿಡಿಯಲಿಲ್ಲ, ಹೊಲಿಗೆ ಹಿಡಿಯಿತು. ಗೆಳೆಯ ಆರ್ಥರ್ ಕ್ಯಾಪೆಲ್ ಬಂಡವಾಳ ಹಾಕಿದ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿ ಅಂಗಡಿ ತೆರೆದಳು. 1913ರಲ್ಲಿ ದೋವಿಲ್ ಎಂಬ ಕಡಲತೀರದ ಊರಿನಲ್ಲಿ, 1915ರಲ್ಲಿ ಬಿಯಾರಿಟ್ಜ್‌ನಲ್ಲಿ ಅಂಗಡಿಗಳಾದವು. ಆಗ ಹೆಂಗಸರು ಉಸಿರು ಕಟ್ಟುವಂತೆ ಸೊಂಟ ಬಿಗಿದುಕೊಳ್ಳುತ್ತಿದ್ದ ಕಾಲ. ಶನೆಲ್ ಮಾತ್ರ ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆ ತಂದು ಹೆಂಗಸರಿಗೆ ಸಡಿಲವಾದ ಉಡುಪು ಹೊಲಿದಳು. ಕೈ ಎತ್ತಬಹುದು, ಬಾಗಬಹುದು, ಬೇಗ ಬೇಗ ನಡೆಯಬಹುದು. ಮೊದಲ ಮಹಾಯುದ್ಧದಲ್ಲಿ ಗಂಡಸರು ಗಡಿಗೆ ಹೋಗಿ ಹೆಂಗಸರು ಕೆಲಸಕ್ಕೆ ಇಳಿದಿದ್ದರು. ಅವರಿಗೆ ಬೇಕಾಗಿದ್ದೂ ಅಂಥದ್ದೇ ಬಟ್ಟೆ.

ಇಲ್ಲಿಂದ ಬಣ್ಣದ ವಿಷಯಕ್ಕೆ ಬರುತ್ತೇನೆ. ಆಕೆ ಬೆಳೆದ ಫ್ರಾನ್ಸಿನಲ್ಲಿ ಬಿಸಿಲಿಗೆ ಬೆಂದ ಮುಖ ಎಂದರೆ ಹೊಲದಲ್ಲಿ ದುಡಿಯುವವರ, ಸಂತೆಯಲ್ಲಿ ಕೂರುವವರ ಮುಖ. ದೊಡ್ಡ ಮನೆಯ ಹೆಂಗಸರು ಕೊಡೆ, ಕೈಗವಸು, ಅಗಲವಾದ ಟೋಪಿ, ಮುಖಕ್ಕೆ ಬಲೆ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಬಿಳಿಚಿಕೊಂಡ ಮೈಬಣ್ಣ ದುಡಿಯುವ ಅಗತ್ಯವಿಲ್ಲ ಎಂಬುದಕ್ಕೆ ಪುರಾವೆಯಾಗಿತ್ತು. ಸಂತೆ ವ್ಯಾಪಾರಿಯ ಮಗಳಿಗೆ ಈ ಲೆಕ್ಕ ಗೊತ್ತಿಲ್ಲದೆ ಇದ್ದೀತೇ?

1923ರಲ್ಲಿ ಆಕೆ ವಿಹಾರ ನೌಕೆಯಲ್ಲಿ ಸುತ್ತಾಡಿ ಕಾನ್ ಪಟ್ಟಣದಲ್ಲಿ ಇಳಿದಾಗ ಮೈಯೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು, ಅದನ್ನು ನೋಡಿದವರೆಲ್ಲ ಹಾಗೇ ಆಗಬೇಕೆಂದು ಹಂಬಲಿಸಿದರು ಎಂಬ ಕಥೆ ಪ್ರಸಿದ್ಧ. ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾದ ‘ಲ ಟ್ರಾಂ ಬ್ಲೂ’ ಎಂಬ ನೃತ್ಯನಾಟಕ ನಡೆಯುವುದು ಕಡಲತೀರದಲ್ಲಿ. ಈಜುಡುಗೆ, ಆಟದ ಉಡುಗೆ ತೊಟ್ಟ ಪಾತ್ರಗಳಿಗೆ ವೇಷಭೂಷಣ ಮಾಡಿದವಳು ಶನೆಲ್. ‘ನೀಲಿ ರೈಲು’ ಎಂಬ ಅರ್ಥದ ಆ ಹೆಸರು ಶ್ರೀಮಂತರನ್ನು ದಕ್ಷಿಣದ ಬಿಸಿಲಿಗೆ ಕರೆದೊಯ್ಯುತ್ತಿದ್ದ ಐಷಾರಾಮಿ ರೈಲಿನದು.

ಇಷ್ಟೆಲ್ಲ ಒಬ್ಬಳೇ ಮಾಡಿದ್ದು ಎಂದರೆ ತಪ್ಪಾದೀತು. ವೈದ್ಯರೂ ಆಗ ಬಿಸಿಲನ್ನೇ ಹೊಗಳುತ್ತಿದ್ದರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಂದಿತ್ತು. ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ನೇರಳಾತೀತ ಕಿರಣಕ್ಕೆ ವಾಸಿಯಾಗುತ್ತದೆ ಎಂದು 1919ರಲ್ಲಿ ಗೊತ್ತಾಗಿತ್ತು. ಇನ್ನೊಂದೆಡೆ, ಕೂಲಿಕಾರರು ಹೊಲ ಬಿಟ್ಟು ಕಾರ್ಖಾನೆಯೊಳಗೆ ಸೇರಿದ್ದರು. ಈಗ ಬಿಳಿಚಿಕೊಂಡವರು ಅವರು. ಕಡಲತೀರದಲ್ಲಿ ವಾರಗಟ್ಟಲೆ ಮಲಗಲು ಪುರುಸೊತ್ತು ಇದ್ದದ್ದು ಉಳ್ಳವರಿಗೆ. ಬಣ್ಣ ತಿರುವುಮುರುವಾಯಿತು, ಅದರ ಅರ್ಥ ಮಾತ್ರ ಹಾಗೇ ಉಳಿಯಿತು: ನನಗೆ ದುಡಿಮೆಯ ಅಗತ್ಯವಿಲ್ಲ, ನೋಡಿ.

ಮಾರುಕಟ್ಟೆ ಸುಮ್ಮನಿರುತ್ತದೆಯೇ? 1927ರಲ್ಲಿ ಶನೆಲ್‌ಳ ಪ್ರತಿಸ್ಪರ್ಧಿ ಜ್ಯಾನ್ ಪತೂ ಬಿಸಿಲಿಗೆ ಮೈಯೊಡ್ಡುವವರಿಗೆಂದೇ ಎಣ್ಣೆ ತಂದ. 1930ರ ದಶಕದಲ್ಲಿ ಅಂಥ ಎಣ್ಣೆಗಳು ಸಾಮಾನ್ಯ ಜನರ ಕೈಗೂ ಸಿಕ್ಕವು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಸಂಬಳ ಸಹಿತ ಎರಡು ವಾರ ರಜೆ ಕೊಡುವ ಕಾನೂನು ಬಂದಿತು. ಅವರೂ ಕಡಲತೀರಕ್ಕೆ ಹೊರಟರು.

ಇದೇ ಕಾಲದಲ್ಲಿ ವಿಜ್ಞಾನ ಬೇರೊಂದು ಮಾತು ಹೇಳುತ್ತಿತ್ತು. ವರ್ಷಗಟ್ಟಲೆ ಬಿಸಿಲಲ್ಲಿ ದುಡಿಯುವ ನಾವಿಕರ ಚರ್ಮದಲ್ಲಿ ಆಗುವ ಕೆಡುಕನ್ನು ಜರ್ಮನಿಯ ವೈದ್ಯ ಪೌಲ್ ಉನ್ನಾ 1890ರ ದಶಕದಲ್ಲೇ ಬರೆದಿದ್ದ. 1928ರಲ್ಲಿ ಫಿಂಡ್ಲೆ ಎಂಬ ಸಂಶೋಧಕ ಇಲಿಗಳ ಮೇಲೆ ನೇರಳಾತೀತ ಕಿರಣ ಬಿಟ್ಟು, ಅವುಗಳ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ತೋರಿಸಿದ. ಎಣ್ಣೆಯ ಜಾಹೀರಾತು ತಲುಪಿದಷ್ಟು ದೂರ ಇಲಿಗಳ ಸುದ್ದಿ ತಲುಪಲಿಲ್ಲ.

ಬಿಸಿಲಲ್ಲಿ ಚರ್ಮ ಏಕೆ ಕಪ್ಪಾಗುತ್ತದೆ ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಮನೆಯ ತಾರಸಿ ಮೇಲಿನ ನೀರಿನ ಟ್ಯಾಂಕ್‌ನಿಂದ. ಪ್ಲಾಸ್ಟಿಕ್ ಟ್ಯಾಂಕ್, ತೋಟಕ್ಕೆ ಎಳೆಯುವ ಎಚ್‌ಡಿಪಿಇ ಪೈಪು ಸಾಮಾನ್ಯವಾಗಿ ಕಪ್ಪಗಿರುವುದನ್ನು ನೋಡಿದ್ದೀರಿ. ಅದು ಅಂದಕ್ಕೆ ಹಾಕಿದ ಬಣ್ಣವಲ್ಲ. ಪೈಪಿನಲ್ಲಿ ಶೇಕಡಾ 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆಸಿರುತ್ತಾರೆ. ಅದು ನೇರಳಾತೀತ ಕಿರಣವನ್ನು ತಾನು ನುಂಗಿ ಪ್ಲಾಸ್ಟಿಕ್ ಸೀಳದಂತೆ ಕಾಯುತ್ತದೆ. ನಮ್ಮ ಚರ್ಮದಲ್ಲಿ ಆ ಕೆಲಸ ಮೆಲನಿನ್‌ನದು. ವ್ಯತ್ಯಾಸ ಒಂದೇ. ಪೈಪಿಗೆ ಮಸಿ ಮೊದಲೇ ಹಾಕಿರುತ್ತಾರೆ. ಬಿಸಿಲು ಕಾಯಿಸಿ ಪಡೆಯುವ ಬಣ್ಣ ಹಾಗಲ್ಲ, ಜೀವಕೋಶದ ಡಿಎನ್‌ಎಗೆ ಏಟು ಬಿದ್ದ ಮೇಲೆ ದೇಹ ಗಡಿಬಿಡಿಯಲ್ಲಿ ತರಿಸಿಕೊಳ್ಳುವ ಮೆಲನಿನ್ ಅದು. ಅಂದರೆ ಟ್ಯಾನ್ ಎನ್ನುವುದು ಆರೋಗ್ಯದ ಹೊಳಪಲ್ಲ, ಒಳಗೆ ರಿಪೇರಿ ನಡೆದಿದೆ ಎಂಬ ಬೋರ್ಡು. ಪ್ರತಿ ಸಲ ರಿಪೇರಿ ಪೂರ್ತಿ ಆಗುವುದಿಲ್ಲ. ಉಳಿದ ತಪ್ಪುಗಳು ಸೇರುತ್ತ ಹೋಗುತ್ತವೆ. ಸುಕ್ಕು ಬೇಗ ಬರುತ್ತದೆ, ಕೆಲವರಿಗೆ ಕ್ಯಾನ್ಸರ್ ಆಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲಿ ಸೂರ್ಯನ ವಿಕಿರಣವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮೈ ಕಂದಿಸಿಕೊಳ್ಳಲು ಯಂತ್ರದೊಳಗೆ ಮಲಗುವ ಟ್ಯಾನಿಂಗ್ ಬೆಡ್‌ಗಳನ್ನು 2009ರಲ್ಲಿ ತಂಬಾಕು ಇರುವ ಸಾಲಿಗೇ ಸೇರಿಸಿತು. ಬ್ರೆಜಿಲ್ ಅದೇ ವರ್ಷ ಅವುಗಳನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲೂ ದುಡ್ಡು ಪಡೆದು ಅಂಥ ಸೇವೆ ಕೊಡುವುದು ಈಗ ಅಪರಾಧ.

ಶನೆಲ್ ಬದುಕಿನ ಉಳಿದ ಭಾಗವನ್ನೂ ಹೇಳಬೇಕು. 1920ರ ದಶಕದ ಕೊನೆಯಲ್ಲಿ ದಕ್ಷಿಣದ ಬಿಸಿಲ ತೀರದಲ್ಲಿ ‘ಲಾ ಪೌಸಾ’ ಎಂಬ ಬಂಗಲೆ ಕಟ್ಟಿಸಿದಳು. 1939ರಲ್ಲಿ ಯುದ್ಧ ಶುರುವಾದಾಗ ಉಡುಪಿನ ವ್ಯಾಪಾರ ಮುಚ್ಚಿದಳು. ಮುಂದಿನದು ಕಪ್ಪು ಅಧ್ಯಾಯ. ಜರ್ಮನ್ನರು ಆಕ್ರಮಿಸಿದ ಪ್ಯಾರಿಸ್ಸಿನಲ್ಲಿ ಜರ್ಮನ್ ಅಧಿಕಾರಿಯೊಬ್ಬನ ಜೊತೆ ರಿಟ್ಜ್ ಹೋಟೆಲಿನಲ್ಲಿದ್ದಳು. ಯಹೂದಿ ಪಾಲುದಾರರ ಕೈಯಿಂದ ಸೆಂಟ್ ಕಂಪನಿ ಕಿತ್ತುಕೊಳ್ಳಲು ನಾಜಿಗಳ ಕಾನೂನನ್ನೇ ಬಳಸಲು ನೋಡಿದಳು. ಪ್ರತಿಭೆ ಇದ್ದವರೆಲ್ಲ ಒಳ್ಳೆಯವರಾಗಿರುವುದಿಲ್ಲ ಎಂಬುದನ್ನೂ ಆಕೆಯಿಂದ ಕಲಿಯಬಹುದು. ಯುದ್ಧದ ನಂತರ ಕೆಲವು ವರ್ಷ ಸ್ವಿಟ್ಜರ್ಲೆಂಡಿನಲ್ಲಿದ್ದು, 1954ರಲ್ಲಿ ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಅಂಗಡಿ ತೆರೆದಳು. 1971ರ ಜನವರಿ 10ರಂದು ಅದೇ ರಿಟ್ಜ್ ಹೋಟೆಲಿನಲ್ಲಿ ತೀರಿಕೊಂಡಾಗ 87 ವರ್ಷ. ಕೊನೆಯವರೆಗೂ ಕೈಯಲ್ಲಿ ಕತ್ತರಿ ಇತ್ತು.

ನೋಡಿ, ಬಿಸಿಲು ಕಾಯಿಸಿದವಳೇ 87 ವರ್ಷ ಬದುಕಿದಳಲ್ಲ ಎಂದು ರೂಮ್‌ಮೇಟ್ ಕೇಳಿದಳು. ಒಳ್ಳೆಯ ಪ್ರಶ್ನೆಯೇ. ನಾವು ಒಂದು ತೊಲೆಯನ್ನು ವಿನ್ಯಾಸ ಮಾಡುವಾಗ ಸುರಕ್ಷತೆಗೆಂದು ಲೆಕ್ಕಕ್ಕಿಂತ ಹೆಚ್ಚು ಬಲ ಇಡುತ್ತೇವೆ. ಅದನ್ನು ಇಡದೆ ಕಟ್ಟಿದ ಕಟ್ಟಡಗಳೆಲ್ಲ ಬೀಳುವುದಿಲ್ಲ, ಕೆಲವು ನೂರು ವರ್ಷ ನಿಂತಿವೆ. ಆದರೆ ನಿಂತ ಕಟ್ಟಡ ತೋರಿಸಿ ಮುಂದಿನದನ್ನೂ ಹಾಗೇ ಕಟ್ಟು ಎಂದು ಯಾವ ಮೇಷ್ಟ್ರೂ ಹೇಳುವುದಿಲ್ಲ. ಅಪಾಯ ಎನ್ನುವುದು ಸಾವಿರಾರು ಜನರ ಲೆಕ್ಕ. ಆ ಸಾವಿರದಲ್ಲಿ ನಾವು ಯಾರು ಎಂಬುದು ಮೊದಲೇ ತಿಳಿಯುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. ನಮ್ಮದು ಶನೆಲ್‌ಗಿಂತ ಹಿಂದಿನ ಫ್ರಾನ್ಸ್. ರಜೆಗೆ ಊರಿಗೆ ಹೋದರೆ ಅಜ್ಜಿ ಮೊದಲು ವಿಚಾರಿಸುವುದು ನನ್ನ ಸಿಜಿಪಿಎಯನ್ನಲ್ಲ, ಯಾಕಿಷ್ಟು ಕಪ್ಪಾಗಿದ್ದೇನೆ ಎಂಬುದನ್ನು. ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ಹಾಸ್ಟೆಲ್ಲಿನಲ್ಲಿ ಡಿ-ಟ್ಯಾನ್ ಪ್ಯಾಕ್, ಹೆಸರು ಗೊತ್ತಿಲ್ಲದ ಕ್ರೀಮ್‌ಗಳ ಓಡಾಟ ಜಾಸ್ತಿಯಾಗುತ್ತದೆ. ಅಲ್ಲಿ ಕಪ್ಪಾಗಲು ಚರ್ಮ ಸುಟ್ಟುಕೊಂಡರು, ಇಲ್ಲಿ ಬೆಳ್ಳಗಾಗಲು ಚರ್ಮ ಸವೆಸಿಕೊಳ್ಳುತ್ತೇವೆ. ಲೇಬಲ್ ಇಲ್ಲದ ಕೆಲವು ಕ್ರೀಮ್‌ಗಳಲ್ಲಿ ಪಾದರಸ ಇರುತ್ತದೆ. ಅದು ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಜೊತೆಗೆ ಮೂತ್ರಪಿಂಡಕ್ಕೂ ಇಳಿಯುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ ಇಂಥ ಕ್ರೀಮ್ ಬಳಸಿದವರಲ್ಲಿ ಕಿಡ್ನಿ ಕಾಯಿಲೆ ಕಂಡದ್ದನ್ನು ವರದಿ ಮಾಡಿದ್ದಾರೆ. ಇನ್ನು ಸ್ಟಿರಾಯ್ಡ್ ಇರುವ ಮುಲಾಮುಗಳು ದಿನಾ ಹಚ್ಚಿದರೆ ಚರ್ಮವನ್ನು ತೆಳುವಾಗಿಸುತ್ತವೆ. ವೈದ್ಯರ ಚೀಟಿ ಇಲ್ಲದೆ ಅಂಥ ಹಲವು ಮುಲಾಮುಗಳನ್ನು ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶಿಸಿದೆ.

ಹಾಗಾದರೆ ಚೆನ್ನಾಗಿ ಕಾಣಬೇಕೆಂಬ ಆಸೆಯೇ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಸಂದರ್ಶನಕ್ಕೆ ಹೋಗುವವರಿಗೆ ಆ ಆಸೆ ಇದ್ದರೆ ಒಳ್ಳೆಯದೇ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಯಾವ ಬಣ್ಣ ಚೆಂದ ಎಂಬುದು ಫ್ರಾನ್ಸಿನಲ್ಲಿ ಒಂದು ತಲೆಮಾರಿನೊಳಗೆ ಬದಲಾಯಿತು. ಚರ್ಮಕ್ಕೆ ಬಿದ್ದ ಏಟು ಮಾತ್ರ ಫ್ಯಾಷನ್ ಬದಲಾಯಿತೆಂದು ಮಾಯುವುದಿಲ್ಲ.

ಇದರರ್ಥ ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಳ್ಳಬೇಕು ಎಂದಲ್ಲ. ವಿಟಮಿನ್ ಡಿ ತಯಾರಾಗುವುದು ಬಿಸಿಲಿನಿಂದಲೇ. ನಮ್ಮಂಥ ಕಂದುಬಣ್ಣದವರಿಗೆ ಹುಟ್ಟಿನಿಂದಲೇ ಮೆಲನಿನ್ ಹೆಚ್ಚಿರುವುದರಿಂದ ಬಿಳಿಯರಿಗಿಂತ ಚರ್ಮದ ಕ್ಯಾನ್ಸರ್ ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ, ಅಂಗಾಲು ಅಥವಾ ಉಗುರಿನಡಿಯ ಮಚ್ಚೆ ಬದಲಾದರೆ ವೈದ್ಯರಿಗೆ ತೋರಿಸಬೇಕು. ಉಳಿದಂತೆ ತುಂಬುತೋಳಿನ ಹತ್ತಿ ಅಂಗಿ, ಅಂಚಿರುವ ಟೋಪಿ, ನಡು ಹಗಲಿನಲ್ಲಿ ಆದಷ್ಟು ನೆರಳು, ಕೈಗೆಟುಕಿದರೆ ಸನ್‌ಸ್ಕ್ರೀನ್. ಇದೆಲ್ಲ ಚರ್ಮ ಸುಡದಿರಲಿ ಎಂದು, ಬೆಳ್ಳಗಾಗಲೆಂದು ಅಲ್ಲ.

ಶನೆಲ್ ಹೆಂಗಸರಿಗೆ ಎರಡು ಕೊಟ್ಟಳು. ಒಂದು ಮೈಗೆ ಹಿತವಾದ ಬಟ್ಟೆ, ಇನ್ನೊಂದು ಬಿಸಿಲಿನ ಬಣ್ಣದ ಹುಚ್ಚು. ಮೊದಲನೆಯದರಿಂದ ಯಾರ ಮೈಗೂ ಕೆಡುಕಾಗಲಿಲ್ಲ, ಇವತ್ತಿಗೂ ಅದು ಹಳೆಯದಾಗಿಲ್ಲ. ಮುಂದಿನ ತಿಂಗಳು ನಮ್ಮ ಕಾಲೇಜಿಗೆ ಕಂಪನಿಗಳು ಬರುತ್ತವೆ. ಕ್ರೀಮಿಗೆ ಎತ್ತಿಟ್ಟ ದುಡ್ಡಿದ್ದರೆ ಅಳತೆಗೆ ಸರಿಯಾಗಿ ಹೊಲಿಸಿದ ಒಂದು ಅಂಗಿಗೆ ಹಾಕಿ, ಇಸ್ತ್ರಿ ಮಾಡಿಸಿ. ಅದು ನಿಮಗೆ ಹೊಂದದಿದ್ದರೆ ತಮ್ಮನಿಗೋ ತಂಗಿಗೋ ಆದೀತು.