ಗಗನೇಂದ್ರನಾಥ ಠಾಕೂರರ ವಿನೋದಚಿತ್ರಗಳು

1921ನೆಯ ಇಸವಿಯಲ್ಲಿ ಕವಿ ರವೀಂದ್ರನಾಥ ಠಾಕೂರರು ಲಂಡನ್ನಿನಿಂದ ಪ್ಯಾರಿಸಿಗೆ ವಿಮಾನದಲ್ಲಿ ಪ್ರಯಾಣ ಮಾಡಿದರು. ಈ ಆಕಾಶಯಾನವನ್ನು ಕುರಿತು ಕಲ್ಕತ್ತೆಯಲ್ಲಿ ಒಂದು ವಿನೋದಚಿತ್ರವು ಹುಟ್ಟಿತು. ಅದರಲ್ಲಿ ಕವಿಗಳು ಕುರ್ಚಿಯಲ್ಲಿ ಕುಳಿತಂತೆಯೇ ಸಾವಧಾನವಾಗಿ ಆಕಾಶದಲ್ಲಿ ತೇಲುತ್ತಿರುವರು. ನೊಬೆಲ್ ಬಹುಮಾನವನ್ನು ಪಡೆದು ಜಗತ್ಪ್ರಸಿದ್ಧರಾಗಿದ್ದವರನ್ನು ಹೀಗೆ ಕುರ್ಚಿಸಮೇತ ಹಾರಿಸುವ ಧೈರ್ಯವು ಪರರಿಗೆ ಬಾರದು. ಬರೆದವರು ಮನೆಯವರೇ ಆದ ಗಗನೇಂದ್ರನಾಥ ಠಾಕೂರರು. ವಾವೆಯಲ್ಲಿ ಕವಿಗಳಿಗೆ ದಾಯಾದಿ ಅಣ್ಣನ ಮಗ, ವಯಸ್ಸಿನಲ್ಲಿ ಆರೇ ವರ್ಷ ಕಿರಿಯರು.

ಇವರು 1867ರ ಸೆಪ್ಟೆಂಬರ್ 18ರಂದು ಜೋಡಾಸಾಂಕೋ ಮನೆತನದಲ್ಲಿ ಜನಿಸಿದರು. 1881ರಲ್ಲಿ ತಂದೆ ಗುಣೇಂದ್ರನಾಥರು ತೀರಿಕೊಂಡರು. ಹಿರಿಯ ಮಗನಾದ ಇವರಿಗೆ ಆಗ ಹದಿನಾಲ್ಕು ತುಂಬಿತ್ತೋ ಇಲ್ಲವೋ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಿಗೆ ಗುರುಗಳಾದ ಅವನೀಂದ್ರನಾಥರು ಇವರ ತಮ್ಮ. ತಮ್ಮನು ಚಿತ್ರಕಾರನೆಂದು ಹೆಸರಾದ ಮೇಲೆಯೇ ಅಣ್ಣನ ಕೈ ಪಳಗಿದುದು. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನೀ ಚಿತ್ರಕಾರರಿಂದ ಮಸಿಯ ಕೆಲಸದ ಮರ್ಮವನ್ನು ಗ್ರಹಿಸಿ, ವಂಗದೇಶದ ಕಾಗೆಗಳನ್ನು ಕುಂಚದ ನಾಲ್ಕೇ ಎಳೆತಗಳಲ್ಲಿ ಕಾಗದದ ಮೇಲೆ ಕೂರಿಸಿದರು. 1907ರಲ್ಲಿ ಸೋದರರಿಬ್ಬರೂ ಮುಂದೆ ನಿಂತು ಪ್ರಾಚ್ಯಕಲಾ ಸಂಘವನ್ನು ಸ್ಥಾಪಿಸಿದರು. 1912ರಲ್ಲಿ ಪ್ರಕಟವಾದ ರವೀಂದ್ರರ ಆತ್ಮಕಥನಕ್ಕೆ ಚಿತ್ರಗಳನ್ನು ಒದಗಿಸಿದವರೂ ಇವರೇ.

ಆದರೆ ನಾವು ವಾಚಕರ ಗಮನಕ್ಕೆ ತರಬಯಸುವುದು ಇವರ ನಗೆಚಿತ್ರಗಳನ್ನು. 1917ರಲ್ಲಿ 'ಅದ್ಭುತ ಲೋಕ', 'ವಿರೂಪ ವಜ್ರ' ಎಂಬ ಎರಡು ಸಂಪುಟಗಳೂ 1921ರಲ್ಲಿ 'ನವ ಹುಲ್ಲೋಡ' ಎಂಬ ಮೂರನೆಯದೂ ಕಲ್ಲಚ್ಚಿನಲ್ಲಿ ಮುದ್ರಿತವಾದುವು. ಸ್ವದೇಶೀ ಚಳವಳಿಯನ್ನು ಕಂಡ ಮನೆಯಿಂದ ಹೊರಟ ಈ ನಗೆಯು ಪರದೇಶೀಯರನ್ನು ಮಾತ್ರ ಇರಿಯುವುದೆಂದು ತೆರೆದು ನೋಡಿದವರಿಗೆ ಆಶಾಭಂಗವೇ ಸರಿ. ಮೊದಲು ಪೆಟ್ಟು ಬಿದ್ದುದು ಸ್ವಜನರಿಗೆ. ದೊರೆಗಳ ಉಡುಪನ್ನು ತೊಟ್ಟು ಬಿಗಿದುಕೊಂಡ ವಂಗೀಯ ಬಾಬು ಅಲ್ಲಿರುವನು. ಬೀಸುವ ಕಲ್ಲಿನ ಮೇಲೆ ಪುರೋಹಿತನು ಆಸೀನನಾಗಿರಲು ಅದರಡಿಯಲ್ಲಿ ಜನರು ಅರೆದುಹೋಗುತ್ತಿರುವರು. ಇದು ಜಾತಿಪದ್ಧತಿಯ ಚಿತ್ರ. ಇನ್ನೊಂದರಲ್ಲಿ ವಿಶ್ವವಿದ್ಯಾಲಯವೇ ಒಂದು ಮಹಾಯಂತ್ರ. ವಿದ್ಯಾರ್ಥಿಗಳು ಅದರೊಳಗೆ ಹೊಕ್ಕು ಚಪ್ಪಟೆಯಾಗಿ ಹೊರಬೀಳುವರು. ಮೆಟ್ರಿಕ್ಯುಲೇಶನ್ನಿನ ಹೊಸ್ತಿಲಿನಲ್ಲಿಯೇ ಆ ಯಂತ್ರದಿಂದ ಪಾರಾದ ನಾವು ಇದನ್ನು ನೋಡಿ ನಗುವುದು ಸುಲಭ. ಪದವೀಧರರಾದ ಮಿತ್ರರ ಅನುಭವವನ್ನು ಅವರೇ ಹೇಳಬೇಕು.

ದೇಶವು ದಾಸ್ಯದಲ್ಲಿದ್ದಾಗ ಸ್ವಜನರ ಕುಂದನ್ನು ಆಡಿ ತೋರಿಸಿದರೆ ವೈರಿಗೆ ಕೈಗೊಟ್ಟಂತಾಗುವುದಿಲ್ಲವೆ ಎಂದು ಕೇಳುವವರುಂಟು. ನಾವು ಈ ಮಾತನ್ನು ಒಪ್ಪಲಾರೆವು. 1919ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯೆಯಾದ ಮೇಲೆ, ಪಂಜಾಬಿನಲ್ಲಿ ಶಾಂತಿಯು ಘೋಷಿತವಾಯಿತೆಂಬ ಕಹಿಯಾದ ಶಿರೋನಾಮೆಯನ್ನಿಟ್ಟು ಸರಕಾರದ ಮುಖಕ್ಕೇ ಚಿತ್ರವನ್ನು ಹಿಡಿದವರೂ ಇವರೇ ಅಲ್ಲವೆ? ತನ್ನವರನ್ನು ಬಿಡದ ಕುಂಚವು ಅನ್ಯರನ್ನು ತಿವಿದಾಗ ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದು ಯಾರಿಂದಲೂ ಆಗದು.

1922ರಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ನವ್ಯ ಚಿತ್ರಕಾರರ ಪ್ರದರ್ಶನವು ನಡೆಯಿತು. ಆ ಕಾಲದಲ್ಲಿಯೇ ಗಗನೇಂದ್ರರು ನೀರುಬಣ್ಣದಲ್ಲಿ ಬೆಳಕನ್ನು ಕೋನಕೋನವಾಗಿ ಒಡೆದು ಜೋಡಿಸುವ ಹೊಸ ಬಗೆಗೆ ತೊಡಗಿದ್ದರು. ಇದು ಯೂರೋಪಿನ ಅನುಕರಣವೆಂದು ಕೆಲವರು ಮೂಗುಮುರಿದರು. ಆದರೆ ಆ ಬಗೆಯಲ್ಲಿ ಅವರು ಬರೆದುದೇನು? ದ್ವಾರಕಾಪುರಿ, ಮಲತಾಯಿಯರ ಕೇಡಿನಿಂದ ಸಂಪಿಗೆಯ ಹೂಗಳಾಗಿ ಅರಳಿದ ಏಳು ಮಂದಿ ರಾಜಕುಮಾರರ ಅಜ್ಜಿಕಥೆ. ಉಪಾಯವು ಎಲ್ಲಿಯದಾದರೇನು, ಕನಸು ವಂಗದೇಶದ್ದು.

1930ರಲ್ಲಿ ಪಾರ್ಶ್ವವಾಯು ಬಡಿದು ಅವರ ಚಿತ್ರರಚನೆಯು ನಿಂತುಹೋಯಿತು. ಹೀಗೆ ಎಂಟು ವರ್ಷಗಳನ್ನು ಕಳೆದು, 1938ರ ಫೆಬ್ರವರಿ 14ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ದಿವಂಗತರಾದರು. ಕುರ್ಚಿಯ ಮೇಲೆ ಹಾರಿದ ಕವಿಗಳು ಆಗ ಇನ್ನೂ ಜೀವಿಸಿದ್ದರು.