ಎಸ್ಪೆರಾಂಟೊ ಜನಕ ಡಾಕ್ಟರ್ ಝಾಮೆನ್‌ಹೋಫ್

ಪರಭಾಷೆಯೊಂದನ್ನು ಕಲಿಯಲು ಹೊರಟವನು ಮೊದಲು ವಿಚಾರಿಸುವುದು ಅದರ ಪ್ರಯೋಜನವನ್ನು. ಫ್ರೆಂಚಿನಿಂದ ಸಾಹಿತ್ಯ, ಜರ್ಮನ್ನಿನಿಂದ ವಿಜ್ಞಾನ, ಇಂಗ್ಲಿಷಿನಿಂದ ಉದ್ಯೋಗ ಎಂದು ಲೆಕ್ಕ ಹಾಕುವುದು ಲೋಕರೂಢಿ. ರಾಜ್ಯವೂ ಸೈನ್ಯವೂ ಇಲ್ಲದ ಎಸ್ಪೆರಾಂಟೊ ಭಾಷೆಯ ಹೆಸರು ಈ ಲೆಕ್ಕದಲ್ಲಿ ಬರುವುದೇ ಅಪರೂಪ. ಅದನ್ನು ನಿರ್ಮಿಸಿದ ಮಹನೀಯರ ಚರಿತ್ರೆಯನ್ನು ಅರಿತವರಾದರೋ ಅದನ್ನು ಅಷ್ಟು ಸುಲಭವಾಗಿ ಬದಿಗಿಡಲಾರರು.

ಲುಡ್ವಿಕ್ ಲಾಜರ್ ಝಾಮೆನ್‌ಹೋಫರು ಬ್ಯಾಲಿಸ್ಟಾಕ್ ಪಟ್ಟಣದ ಯೆಹೂದ್ಯ ಕುಟುಂಬವೊಂದರಲ್ಲಿ 1859ರ ಡಿಸೆಂಬರ್ 15ರಂದು ಜನಿಸಿದರು. ಇಂದು ಪೋಲೆಂಡಿಗೆ ಸೇರಿದ ಆ ಪಟ್ಟಣವು ಅಂದು ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದಿತು. ಅಲ್ಲಿ ಯೆಹೂದ್ಯರದು ಯಿದ್ದಿಷ್, ಪೋಲರದು ಪೋಲಿಷ್, ಜರ್ಮನ್ನರದು ಜರ್ಮನ್, ಅಧಿಕಾರಿಗಳದು ರಷ್ಯನ್. ಒಬ್ಬರ ಮಾತನ್ನು ಇನ್ನೊಬ್ಬರು ಅರಿಯರು. ಅರಿಯದಲ್ಲಿ ಸಂಶಯ, ಸಂಶಯವಿದ್ದಲ್ಲಿ ದ್ವೇಷ. 1863ರ ಪೋಲಿಷ್ ದಂಗೆಯು ಅಡಗಿದ ಮೇಲೆ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ರಷ್ಯನ್ ಭಾಷೆಯನ್ನು ಬಲವಂತವಾಗಿ ಹೇರಲಾಯಿತು. ಆಳುವವನ ಭಾಷೆ ಆಳಿಸಿಕೊಳ್ಳುವವನ ಕೊರಳಿಗೆ ಬಿದ್ದರೆ ಏನಾಗುವುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೋಪಾಧ್ಯಾಯರ ಮಗನಾದ ಈ ಬಾಲಕನಿಗೆ ಯಾವ ಜನಾಂಗದ ಸ್ವತ್ತೂ ಅಲ್ಲದ ಒಂದು ನುಡಿ ಬೇಕೆಂಬ ಹಂಬಲ ಹುಟ್ಟಿತು. ಲ್ಯಾಟಿನ್ ಭಾಷೆಯನ್ನೇ ಪುನಃ ಬಳಕೆಗೆ ತರಬಹುದೆಂದು ಮೊದಲು ಎಣಿಸಿ, ಅದು ಸಾಮಾನ್ಯ ಜನರಿಗೆ ಎಟುಕದೆಂದು ಕೈಬಿಟ್ಟನು. 1878ರಲ್ಲಿ, ವಾರ್ಸಾ ನಗರದ ವಿದ್ಯಾರ್ಥಿಯಾಗಿದ್ದಾಗಲೇ, ತನ್ನ ಹೊಸ ಭಾಷೆಯ ಪ್ರಥಮ ರೂಪವನ್ನು ಗೆಳೆಯರ ಮುಂದಿಟ್ಟನು. ಅನಂತರ ವೈದ್ಯಶಾಸ್ತ್ರವನ್ನು ಓದಿ ನೇತ್ರವೈದ್ಯರಾದರೂ ಭಾಷೆಯ ಕೆಲಸ ನಿಲ್ಲಲಿಲ್ಲ. 1887ರಲ್ಲಿ, ಸಾಬೂನು ವ್ಯಾಪಾರಿಯಾದ ಮಾವನವರ ಧನಸಹಾಯದಿಂದ, ಸುಮಾರು 40 ಪುಟಗಳ ಪುಸ್ತಿಕೆಯೊಂದು ರಷ್ಯನ್ ಭಾಷೆಯಲ್ಲಿ ಹೊರಬಿದ್ದಿತು. ಅದರಲ್ಲಿದ್ದುದು 16 ವ್ಯಾಕರಣ ಸೂತ್ರಗಳು, ಸುಮಾರು 900 ಧಾತುಗಳು. ಲೇಖಕರು ಇಟ್ಟುಕೊಂಡ ಹೆಸರು ಡಾಕ್ಟರ್ ಎಸ್ಪೆರಾಂಟೊ. ಆಶಿಸುವವನು ಎಂದು ಅದರ ಅರ್ಥ. ಕಾಲಕ್ರಮದಲ್ಲಿ ಆ ಹೆಸರೇ ಭಾಷೆಗೆ ನಿಂತಿತು.

ಧಾತುಗಳು ಬಹುಮಟ್ಟಿಗೆ ಯೂರೋಪಿನವಾದರೂ ಪದರಚನೆಯ ಕ್ರಮವು ಕನ್ನಡಿಗನಿಗೆ ಅಪರಿಚಿತವೆನಿಸದು. ಸಾನ ಎಂದರೆ ಆರೋಗ್ಯವುಳ್ಳ, ಮಾಲ್ಸಾನ ಎಂದರೆ ಅದಕ್ಕೆ ವಿರುದ್ಧ, ಮಾಲ್ಸಾನುಲೊ ರೋಗಿ, ಮಾಲ್ಸಾನುಲೇಯೊ ರೋಗಿಗಳಿರುವ ಸ್ಥಳ, ಅಂದರೆ ಆಸ್ಪತ್ರೆ. ಪ್ರತ್ಯಯದ ಮೇಲೆ ಪ್ರತ್ಯಯವನ್ನು ಪೋಣಿಸುವ ಅಭ್ಯಾಸ ನಮಗೆ ಹುಟ್ಟಿನಿಂದಲೇ ಇದೆಯಷ್ಟೆ.

ಗ್ರಂಥಕರ್ತರು ತಮ್ಮ ಸಮಸ್ತ ಹಕ್ಕುಗಳನ್ನೂ ಆ ಪ್ರಥಮ ಪುಸ್ತಕದಲ್ಲಿಯೇ ಜನತೆಗೆ ಬಿಟ್ಟುಕೊಟ್ಟರು. 1894ರಲ್ಲಿ ಸುಧಾರಣೆಗಳನ್ನು ತಾವೇ ಸೂಚಿಸಿ, ಬೇಕೋ ಬೇಡವೋ ಎಂಬುದನ್ನು ಪತ್ರಿಕೆಯ ವಾಚಕರ ಮತಕ್ಕೆ ಬಿಟ್ಟು, ಬಹುಮತವು ಬೇಡವೆಂದಾಗ ತಲೆಬಾಗಿದರು. 1912ರಲ್ಲಿ ನಾಯಕತ್ವವನ್ನೂ ತ್ಯಜಿಸಿದರು. ತಮಗಿಂತ ಮುಂಚೆ ವೊಲಾಪುಕ್ ಎಂಬ ಭಾಷೆಯನ್ನು ರಚಿಸಿದ ಶ್ಲೈಯರ್ ಪಾದ್ರಿಯವರು ಅದರ ಮೇಲೆ ಒಡೆತನವನ್ನು ಸಾಧಿಸಹೋಗಿ ಅದು ಒಡೆದುಹೋದುದನ್ನು ನೋಡಿದರೆ ಈ ತ್ಯಾಗದ ಬೆಲೆ ತಿಳಿಯುತ್ತದೆ.

ಇಷ್ಟಾದರೂ ಅವರಿಗೆ ದೊರೆತುದು ಪೂರ್ಣ ಸುಖವಲ್ಲ. 1905ರಲ್ಲಿ ಫ್ರಾನ್ಸಿನ ಬುಲೋನ್ ನಗರದಲ್ಲಿ ನಡೆದ ಪ್ರಥಮ ವಿಶ್ವ ಸಮ್ಮೇಳನಕ್ಕೆ 688 ಮಂದಿ ಸೇರಿ ದುಭಾಷಿಗಳಿಲ್ಲದೆ ಮಾತನಾಡಿದರು. ಆದರೆ ಯೆಹೂದ್ಯದ್ವೇಷಕ್ಕೆ ಅಂಜಿದ ಅಲ್ಲಿಯ ಮುಖಂಡರು ಸ್ಥಾಪಕರ ಕುಲವನ್ನು ಮರೆಮಾಡಲು ಬಯಸಿದರು. ಕ್ರೈಸ್ತರೂ ಯೆಹೂದ್ಯರೂ ಮುಸಲ್ಮಾನರೂ ಒಬ್ಬನೇ ದೇವರ ಮಕ್ಕಳೆಂದು ಸಾರುವ ಅವರ ಪ್ರಾರ್ಥನಾಗೀತದ ಕಡೆಯ ಚರಣವನ್ನು ಅವರು ಓದದೆ ಬಿಡಬೇಕಾಯಿತು. ಸೋದರತ್ವದ ಸಭೆಯಲ್ಲಿಯೇ ಸೋದರತ್ವದ ಮಾತಿಗೆ ತಡೆ! ಮರುವರ್ಷ ಬ್ಯಾಲಿಸ್ಟಾಕಿನಲ್ಲಿ ಯೆಹೂದ್ಯರ ಕಗ್ಗೊಲೆ ನಡೆಯಿತು. ಜಿನೀವಾ ಸಮ್ಮೇಳನದಲ್ಲಿ ಅವರು ಅದನ್ನು ಮುಚ್ಚಿಡದೆ ನುಡಿದರು. ಇಷ್ಟರ ನಡುವೆಯೂ ವಾರ್ಸಾದ ಬಡ ಯೆಹೂದ್ಯರ ಕೇರಿಯಲ್ಲಿ ಅಲ್ಪಶುಲ್ಕಕ್ಕೆ ಕಣ್ಣುಗಳನ್ನು ಪರೀಕ್ಷಿಸುತ್ತ, ರಾತ್ರಿ ಭಾಷೆಯ ಕೆಲಸ ಮಾಡುತ್ತಿದ್ದರು.

1914ರಲ್ಲಿ ಪ್ಯಾರಿಸ್ ಸಮ್ಮೇಳನಕ್ಕೆ ಹೊರಟವರು ಯುದ್ಧವು ಆರಂಭವಾದ್ದರಿಂದ ಜರ್ಮನಿಯಿಂದಲೇ ಹಿಂದಿರುಗಬೇಕಾಯಿತು. 1917ರ ಏಪ್ರಿಲ್ 14ರಂದು ಹೃದ್ರೋಗದಿಂದ ತೀರಿಕೊಂಡರು. ವೈದ್ಯನಾಗಿದ್ದ ಮಗ ಆದಂನನ್ನು ನಾಟ್ಸಿಗಳು 1940ರಲ್ಲಿ ಗುಂಡಿಟ್ಟು ಕೊಂದರು. ಸೋಫಿಯಾ, ಲಿಡಿಯಾ ಎಂಬ ಹೆಣ್ಣುಮಕ್ಕಳಿಬ್ಬರೂ 1942ರಲ್ಲಿ ಟ್ರೆಬ್ಲಿಂಕಾ ವಧಾಶಿಬಿರದಲ್ಲಿ ಮಡಿದರು.

ಭಾಷೆ ಮಾತ್ರ ಉಳಿಯಿತು. 1920ರ ದಶಕದ ಆರಂಭದಲ್ಲಿ ರಾಷ್ಟ್ರಸಂಘದ ಮುಂದೆ ಅದರ ಪರವಾಗಿ ಸೂಚನೆ ತಂದವರಲ್ಲಿ ಭಾರತದ ಪ್ರತಿನಿಧಿಗಳೂ ಇದ್ದರು. ತನ್ನ ಭಾಷೆಯ ಪ್ರತಿಷ್ಠೆಗೆ ಕುಂದುಂಟಾಗುವುದೆಂದು ಫ್ರಾನ್ಸು ಅಡ್ಡಬಂದಿತು. 1954ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಗೌರವಿಸಿ ನಿರ್ಣಯ ಮಾಡಿತು. ಇದನ್ನು ಕಲಿತವನಿಗೆ ಸರಕಾರಿ ಬಡ್ತಿ ದೊರೆಯದು, ನಿಜ. ಆದರೆ 1974ರಿಂದ ಎಸ್ಪೆರಾಂಟೊ ಯಾತ್ರಿಕರಿಗಾಗಿ ವಿಳಾಸಪಟ್ಟಿಯೊಂದು ಪ್ರಕಟವಾಗುತ್ತ ಬಂದಿದೆ. ಅದರಲ್ಲಿ ಹೆಸರು ಕೊಟ್ಟವರು, ಈ ನುಡಿಯನ್ನಾಡುತ್ತ ಬಂದ ಅಪರಿಚಿತನಿಗೆ ಬಾಡಿಗೆಯಿಲ್ಲದೆ ತಮ್ಮ ಮನೆಯಲ್ಲಿ ತಂಗಲು ಎಡೆಗೊಡುತ್ತಾರೆ.