ಗೀಜಗನ ಗುಟ್ಟು ಬಿಡಿಸಿದ ಸಲೀಂ ಅಲಿ

ಗೆಳೆಯರೇ, ಈ ಸಲ ನಾನು ಹಕ್ಕಿ ನೋಡುವುದರಲ್ಲೇ ಬದುಕು ಕಳೆದ ಸಲೀಂ ಅಲಿಯವರ ಬಗ್ಗೆ ಬರೆದಿದ್ದೇನೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ತೀರಿಕೊಂಡರು. ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗರಾಗಿದ್ದಾಗ ಒಂದು ದಿನ ಸಣ್ಣ ಬಂದೂಕಿನಿಂದ ಗುಬ್ಬಿ ಹೊಡೆದರು. ನೋಡಿದರೆ ಅದರ ಕತ್ತಿನಲ್ಲಿ ಹಳದಿ ಮಚ್ಚೆ! ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿ ಮಿಲಾರ್ಡ್ ಎಂಬ ಸಾಹೇಬರು ಅದರ ಗುರುತು ಹೇಳಿ, ಸಂಗ್ರಹಿಸಿಟ್ಟಿದ್ದ ಎಷ್ಟೋ ಹಕ್ಕಿಗಳನ್ನು ತೋರಿಸಿದರು. ಅಲ್ಲಿಂದ ಹಕ್ಕಿ ಹುಚ್ಚು ಹಿಡಿಯಿತು.

ದೊಡ್ಡವರಾದ ಮೇಲೆ ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ವಾಪಸ್ ಬಂದರೆ ಕೆಲಸವೇ ಇಲ್ಲ! ಹೆಂಡತಿ ತೆಹ್ಮಿನಾ ಜೊತೆ ಕಿಹಿಮ್ ಎಂಬ ಸಮುದ್ರ ದಂಡೆಯ ಹಳ್ಳಿಗೆ ಹೋದರು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರೋ ಏನೋ. ಇವರು ಗೀಜಗನ ಗೂಡುಗಳ ಹತ್ತಿರ ಹೋಗಿ ಕೂತರು.

ಗೀಜಗ ನಮ್ಮೂರ ಬಾವಿ ಪಕ್ಕದ ಈಚಲು ಮರದಲ್ಲೂ ಇದೆ. ಗುಬ್ಬಿಯಷ್ಟೇ ದೊಡ್ಡದು, ಕೊಕ್ಕು ದಪ್ಪ. ಮಳೆಗಾಲದಲ್ಲಿ ಗಂಡಿನ ನೆತ್ತಿ, ಎದೆ ಅರಿಶಿನ ಬಳಿದ ಹಾಗೆ ಹಳದಿ, ಮುಖ ಕಪ್ಪು. ಹೆಣ್ಣಿಗೆ ಈ ಬಣ್ಣವಿಲ್ಲ, ಹೆಣ್ಣು ಗುಬ್ಬಿಯ ಹಾಗೇ ಕಾಣುತ್ತೆ. ಮಳೆಗಾಲ ಕಳೆದರೆ ಗಂಡೂ ಹಾಗೇ ಆಗುತ್ತೆ.

ಸಲೀಂ ಅಲಿ ದಿನಾ ನೋಡಿ ನೋಡಿ ಅದರ ಗುಟ್ಟು ತಿಳಿದರು. ಗಂಡು ಹುಲ್ಲಿನ ಎಳೆ, ಗರಿಯ ಸೀಳು ತಂದು ಅರ್ಧ ಗೂಡು ನೇಯುತ್ತೆ. ಆಗ ಹೆಣ್ಣು ಬಂದು ಒಳಗೆಲ್ಲಾ ಪರೀಕ್ಷೆ ಮಾಡುತ್ತೆ. ಒಪ್ಪಿದರೆ ಮಾತ್ರ ಗಂಡು ಉದ್ದ ಕೊಳವೆ ನೇಯ್ದು ಗೂಡು ಮುಗಿಸುತ್ತೆ. ಆಮೇಲೆ ಹೆಣ್ಣು ಮೊಟ್ಟೆಗೆ ಕಾವು ಕೊಡುತ್ತಿದ್ದರೆ, ಗಂಡು ಇನ್ನೊಂದು ಗೂಡು ಶುರು ಮಾಡಿ ಬೇರೆ ಹೆಣ್ಣನ್ನು ಕರೆಯುತ್ತೆ! ಇದನ್ನು ಬರೆದ ಮೇಲೆ ಅವರಿಗೆ ಹೆಸರು ಬಂತು.

ನಮ್ಮ ಮೈಸೂರು ಸೀಮೆಯ ಹಕ್ಕಿಗಳನ್ನೂ ಅವರು ಹುಡುಕಿ ನೋಡಿದರು. ಅವರು ಹೇಳಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ ಸಿಕ್ಕಿತು. 1987ರ ಜೂನ್ 20ರಂದು ತೀರಿಕೊಂಡರು. ಆಗ ಅವರಿಗೆ 90 ವರ್ಷ.

ಗೂಡು ಚೆಂದ ಅಂತ ಕಿತ್ತು ಮನೆಗೆ ತರುವವರು ನಮ್ಮ ಕ್ಲಾಸಲ್ಲೂ ಇದ್ದಾರೆ. ಸಲೀಂ ಅಲಿ ಕಂಡಿದ್ದನ್ನು ನೆನಪಿಡಿ. ಉದ್ದ ಕೊಳವೆ ಇದೆ ಅಂದ್ರೆ ಹೆಣ್ಣು ಒಪ್ಪಿದ ಗೂಡು, ಒಳಗೆ ಮೊಟ್ಟೆ ಮರಿ ಇರಬಹುದು. ಈ ಮಳೆಗಾಲ ಬಾವಿ ಹತ್ತಿರ ಬನ್ನಿ, ದೂರ ನಿಂತು ನೋಡೋಣ. ಕಲ್ಲು ಮಾತ್ರ ಬೇಡ.